ಕರಿಯಮ್ಮಜ್ಜಿ ಹೊಲಿದ ಮೂರು ಮೂಲೆಯ ಟೋಪಿ

ನಾನೊಂದು ಮೂರು ಮೂಲೆಯ ಟೋಪಿ. ಹುಟ್ಟಿದ್ದು ಮಾತ್ರ ಕಂಬಳಿಯಾಗಿ. ಚಳ್ಳಕೆರೆ ಕಡೆಯ ಕರಿ ಕುರಿಗಳ ಉಣ್ಣೆಯನ್ನು ಕರಿಯಮ್ಮಜ್ಜಿ ನೂತಳು. ಅವಳ ಗಂಡ ನೇಯ್ದು, ಹುಣಸೆಬೀಜದ ಗಂಜಿ ಬಳಿದು, ಬಿಸಿಲಿಗೆ ಹರವಿದ. ಅದಕ್ಕೇ ನನ್ನ ಮೈ ಅಷ್ಟು ಬಿಗಿ.

ಅಜ್ಜಿಯ ಮಗಳು ಪುಷ್ಪಲತಾ ಅಮೆರಿಕದ ಮಸಾಚುಸೆಟ್ಸ್ ಸೀಮೆಯ ಒಂದು ಸಣ್ಣ ಊರಿನಲ್ಲಿ ನರ್ಸ್. ಅವಳ ಪೆಟ್ಟಿಗೆಯಲ್ಲಿ ಮಡಿಸಿಕೊಂಡು ನಾನೂ ಹೋದೆ. ಅವಳ ಹತ್ತು ವರ್ಷದ ಮಗಳು ನಂದನಾ ನನ್ನನ್ನು ಹೊದ್ದು, ಚುಚ್ಚುತ್ತೆ ಎಂದು ಬೈದು, ಮತ್ತೆ ಹೊದೆಯುತ್ತಿದ್ದಳು.

ಆ ಊರಿನವರು ಪ್ರತಿ ಜುಲೈ ನಾಲ್ಕರಂದು ಹಳೆಯ ಕಾಲವನ್ನು ಆಡಿ ತೋರಿಸುತ್ತಾರೆ. ಇಂಗ್ಲೆಂಡಿನ ದೊರೆ ಬೇಡವೆಂದು ೧೭೭೬ರಲ್ಲಿ ಬರೆದ ಸ್ವಾತಂತ್ರ್ಯದ ಘೋಷಣೆಯನ್ನು ಒಬ್ಬ ದೂತ ಮೈದಾನದ ಕಟ್ಟೆ ಹತ್ತಿ ಓದಬೇಕು. ಅಲ್ಲಿ ಒಂದು ಪದ್ಧತಿಯಿದೆ. ಟೋಪಿ ತಲೆಯ ಮೇಲಿರುವಷ್ಟು ಹೊತ್ತು ಪಾತ್ರ ಹಾಕಿದವರು ಆ ಕಾಲದವರು; ಜನ ಏನು ಕೇಳಿದರೂ ಆ ಕಾಲದ ನಿಜವನ್ನೇ ಹೇಳಬೇಕು. ಟೋಪಿ ತೆಗೆದರೆ ಇಂದಿನವರು.

ಆ ವರ್ಷ ದೂತನ ಪಾತ್ರ ನಂದನಾಳಿಗೆ ಸಿಕ್ಕಿತು. ಅವಳು ಸ್ನಾನ ಮಾಡುವಾಗಲೂ ಘೋಷಣೆಯನ್ನೇ ಕೂಗುತ್ತಿದ್ದಳು. ಪುಷ್ಪಲತಾ ಕುಕ್ಕರಿನ ಎರಡು ಸೀಟಿಗಳ ನಡುವೆ ನನ್ನನ್ನು ಕತ್ತರಿಸಿ, ಮಿಷನ್ನಿನಲ್ಲಿ ಹೊಲಿದು, ಆ ಕಾಲದವರು ಹಾಕುತ್ತಿದ್ದಂಥ ಮೂರು ಮೂಲೆಯ ಟೋಪಿ ಮಾಡಿದಳು.

ತಪ್ಪಾದದ್ದು ಅಲ್ಲೇ. ಉಡುಪು ಪರೀಕ್ಷಿಸುವ ಮುದುಕ ಪೀಬಡಿ ನನ್ನನ್ನು ಒಳಹೊರಗು ಮಾಡಿ, ಕನ್ನಡಕ ಏರಿಸಿ ನೋಡಿದರು.

"ಆಗ ಹೊಲಿಗೆ ಮಿಷನ್ನೇ ಇರಲಿಲ್ಲವಲ್ಲಮ್ಮ. ಅಂಗಡಿಯ ದಾರವೂ ಆಗದು. ನಾಳೆಯೊಳಗೆ ಕೈಹೊಲಿಗೆ ಆಗದಿದ್ದರೆ ಪಾತ್ರ ಬೇರೆ ಮಗುವಿಗೆ."

ಮನೆಗೆ ಬಂದು ನಂದನಾ ನನ್ನಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಾನು ಎಷ್ಟು ಚುಚ್ಚಿದರೂ ಮುಖ ಎತ್ತಲಿಲ್ಲ.

ಬೇಸಿಗೆ ಕಳೆಯಲು ಬಂದಿದ್ದ ಕರಿಯಮ್ಮಜ್ಜಿ ಅಡುಗೆಮನೆಯಿಂದಲೇ ಕೇಳಿದಳು: "ಏನಂತೆ ಆ ಕನ್ನಡಕದಪ್ಪಂದು?"

"ಕೈಲೇ ಹೊಲೀಬೇಕಂತೆ ಕಣಮ್ಮ. ಅಂಗಡಿ ದಾರಾನೂ ಆಗಲ್ವಂತೆ," ಎಂದಳು ಪುಷ್ಪಲತಾ.

"ಆಗ್ದಿದ್ರೆ ಬಿಡ್ಲಿ. ನಾನೇನು ಅಂಗಡಿ ಇಟ್ಟಿದ್ದೀನಾ?"

ಅಜ್ಜಿ ಕಿಟಕಿಯ ಬಿಸಿಲಿಗೆ ಕೂತಳು. ಮಿಷನ್ ಹೊಲಿಗೆ ಬಿಚ್ಚಿದಳು. ಉಳಿದ ತುಂಡಿನಿಂದ ಎಳೆ ತೆಗೆದು, ತೊಡೆಯ ಮೇಲೆ ಹೊಸೆದು, ನನ್ನನ್ನು ನನ್ನದೇ ದಾರದಿಂದ ಹೊಲಿದಳು. ಹೊಲಿಗೆ ಸೊಟ್ಟಗಿತ್ತು, ಆದರೆ ಎಳೆದರೆ ಬರುವಂಥದ್ದಲ್ಲ.

ಮರುದಿನ ಪೀಬಡಿ ಬಹಳ ಹೊತ್ತು ನೋಡಿ, "ಇಂಥ ದಾರ ಎಲ್ಲಿ ಸಿಗುತ್ತದೆ?" ಎಂದರು. ಪುಷ್ಪಲತಾ ಅದನ್ನು ಕನ್ನಡದಲ್ಲಿ ಹೇಳಿದಾಗ ಅಜ್ಜಿ ತನ್ನ ತೊಡೆ ತಟ್ಟಿ ತೋರಿಸಿದಳು. ಮುದುಕರು ಕೆಂಪಾಗಿ, ನಕ್ಕು, ಒಪ್ಪಿದರು.

ಹಬ್ಬದ ದಿನ ನಾನು ನಂದನಾಳ ಜಡೆಯ ಮೇಲೆ ಕೂತು ಮೈದಾನ ನೋಡಿದೆ. ಎಲ್ಲರೂ ಹುಟ್ಟಿನಿಂದ ಸಮ ಎಂದು ಅವಳು ಗಟ್ಟಿಯಾಗಿ ಓದಿದಳು. ಪುಷ್ಪಲತಾ ಅಜ್ಜಿಗೆ ಅದನ್ನು ಕಿವಿಯಲ್ಲಿ ಹೇಳಿದಳು. ಪ್ರಶ್ನೆಗಳ ಹೊತ್ತು ಬಂದಾಗ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು.

"ಏ ನಂದೂ, ಆ ಎಲ್ಲಾರಲ್ಲಿ ನಮ್ಮಂಥ ಹೆಂಗಸ್ರು ಬರ್ತಾರೋ ಇಲ್ವೋ?"

ಪುಷ್ಪಲತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಜನ ನಂದನಾಳತ್ತ ತಿರುಗಿದರು. ನನ್ನ ಕೆಳಗೆ ಪುಟ್ಟ ಹಣೆ ಬೆವರಿತು.

"ಇಲ್ಲ ಅಜ್ಜಿ," ಎಂದಳು ನಂದನಾ. "ಹೆಂಗಸರು ಬರಲ್ಲ. ಗುಲಾಮರೂ ಬರಲ್ಲ." ಅದನ್ನೇ ಇಂಗ್ಲಿಷಿನಲ್ಲೂ ಹೇಳುವಾಗ ಅವಳ ದನಿ ಸಣ್ಣದಾಯಿತು.

"ಹಂಗಾದ್ರೆ ಟೋಪಿ ತೆಗಿ ಮತ್ತೆ!"

ಅವಳು ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ಈಗ ಬರ್ತೀವಿ ಅಜ್ಜಿ! ನಿನ್ನ ಹಾಗೇ ಎದ್ದು ಕೇಳ್ದವರು ಇದ್ರಲ್ಲ, ಅದಕ್ಕೇ!"

ಇಂಗ್ಲಿಷಿಗೆ ತಿರುಗಿಸುವ ಮೊದಲೇ ಪೀಬಡಿ ಚಪ್ಪಾಳೆ ಶುರುಮಾಡಿದ್ದರು. ಆಮೇಲೆ ಮೈದಾನವೆಲ್ಲ ಎದ್ದು ನಿಂತಿತು.

ಆಮೇಲೆ ಎಷ್ಟೋ ಮಕ್ಕಳ ತಲೆಯೇರಿದೆ. ಒಬ್ಬಳ ಹೇನು ಕಂಡಿದ್ದೇನೆ, ಇನ್ನೊಬ್ಬನ ಐಸ್‌ಕ್ರೀಮ್ ಉಂಡಿದ್ದೇನೆ. ಗಂಜಿ ಸವೆದು ಮೂಲೆಗಳು ಜೋತುಬಿದ್ದಿವೆ. ಈಗ ಊರಿನ ಗ್ರಂಥಾಲಯದ ಗಾಜಿನ ಬೀರುವಿನಲ್ಲಿ ನನ್ನ ವಾಸ. ಉಡುಪು ಪರೀಕ್ಷಿಸುವವಳು ಈಗ ನಂದನಾ. ಅವಳಿಗೂ ಕನ್ನಡಕ ಬಂದಿದೆ. ಹೊಸಬರು ಬಂದಾಗ ನನ್ನನ್ನು ತೆಗೆದು, ಒಳಮೈ ತಿರುಗಿಸಿ, ಅಜ್ಜಿಯ ಸೊಟ್ಟ ಹೊಲಿಗೆ ತೋರಿಸಿ, "ಹೀಗಿರಬೇಕು" ಎನ್ನುತ್ತಾಳೆ.

ಟೋಪಿ ಎಂದರೆ ತಲೆಯ ಮೇಲೆ ಕೂರುವುದಕ್ಕೆ ಎಂದು ನಾನೂ ತಿಳಿದಿದ್ದೆ. ಆದರೆ ನನ್ನ ಬಾಳಿನ ದೊಡ್ಡ ಕೆಲಸ ಆದದ್ದು ತಲೆಯಿಂದ ಇಳಿದ ಆ ಗಳಿಗೆಯಲ್ಲಿ.