ಶಿವಲಿಂಗಮ್ಮನ ನಿನ್ನೆಯ ಊಟ

ನಿನ್ನೆ ಯಾರು ಏನು ತಿಂದರೆಂದು ಮಾಧವರಂ ಊರಿನ ಮನೆಮನೆ ಸುತ್ತಿ ಬರೆದುಕೊಳ್ಳುವುದೇ ನಂದಿತಾಳ ಪಿಎಚ್.ಡಿ. ಅಲ್ಲಿನ ಒಂದು ಮನೆಯಲ್ಲಿ ಶಿವಲಿಂಗಮ್ಮ, ತಮ್ಮ ಗಂಡ ತಿಂದ ದೋಸೆ, ಮೊಮ್ಮಗಳು ಬಿಟ್ಟ ಅರ್ಧ ಮುದ್ದೆ, ಒಂದೂ ಬಿಡದೆ ಹೇಳಿದರು.

"ನೀವೇನು ತಿಂದ್ರಿ ಅಮ್ಮಾ?"

"ನಾನಾ? ಮಿಕ್ಕಿದ್ದು."

"ಎಷ್ಟು?"

"ಮಿಕ್ಕಿದ್ದನ್ನ ಯಾರಾದ್ರೂ ಅಳೀತಾರೇನವ್ವಾ?" ಎಂದು ಸಿಡುಕಿದರು. ನಂದಿತಾ ಆ ಕಾಲಂ ಖಾಲಿ ಬಿಟ್ಟಳು.

ಅಧ್ಯಯನದ ಕ್ರಮದಂತೆ ಮುಂದಿನ ವಾರ ಮತ್ತೆ ಹೋದಾಗ ಶಿವಲಿಂಗಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

"ಬರ್ಕೊಳ್ಳವ್ವ. ಮೂರು ಇಡ್ಲಿ, ಬಿಸಿಬಿಸಿ, ಎಲ್ಲಾರ್ಗಿಂತ ಮೊದ್ಲು. ನೀನು ಬಂದು ಕೇಳ್ತೀಯಲ್ಲ ಅಂತ ತಿಂದೆ."

ಪ್ರಶ್ನೆಗೆಂದೇ ತಿಂದ ಊಟ ಅಧ್ಯಯನಕ್ಕೆ ಸಲ್ಲದು; ಗೈಡ್ ಕಂಡರೆ ಬೈಯುವುದು ಖಂಡಿತ. ಬೈದರೆ ಬೈಯಲಿ ಎಂದುಕೊಂಡ ನಂದಿತಾ ದುಂಡಗೆ 'ಮೂರು' ಎಂದು ಬರೆದು, ಪೆನ್ನು ಮುಚ್ಚುತ್ತಾ ಕೇಳಿದಳು:

"ನಾಳೇನೂ ಬಂದು ಕೇಳ್ಲಾ ಅಮ್ಮಾ?"