ಕಣ್ಣು ಮುಚ್ಚಿದ ಸಭೆ

ಆ್ಯಸಿಡ್ ಮೇಡಂ ಬಾಯಿ ತೆಗೆದದ್ದೇ ತಡ, ರೆಕ್ಟರ್ ಫಾದರ್ ಕಣ್ಣು ಮುಚ್ಚಿದರು.

"ಫ್ಯೂಮ್ ಹುಡ್‌ನ ಗಾಜು ಯಾವತ್ತಾದ್ರೂ ಬೀಳತ್ತೆ ಅಂತ ನಾನು ಹೋದ ವರ್ಷಾನೇ..." ಅನ್ನುವಷ್ಟರಲ್ಲಿ ಫಾದರ್ ಕೈ ಎರಡೂ ಎದೆಯ ಮುಂದೆ ಜೋಡಿಕೊಂಡಿದ್ದವು. "ಮೊದಲು ನಮ್ಮ ಆ ಸಹೋದರಿಗಾಗಿ ಒಂದು ಕ್ಷಣ ಪ್ರಾರ್ಥಿಸೋಣ" ಎಂದರು, ಬೆಣ್ಣೆಯಂಥ ದನಿಯಲ್ಲಿ. ಮೇಜಿನ ಸುತ್ತ ಇದ್ದವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ರಿಜಿಸ್ಟ್ರಾರ್ ಮೊಬೈಲನ್ನು ಕವುಚಿ ಹಾಕಿದರು. ಮೇಡಂ ಕೂಡ ಎದ್ದರು. ಮಿಕ್ಕ ಅರ್ಧ ಮಾತು ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲೇ ಉಳಿಯಿತು. ಆಮೆನ್ ಆಯಿತು. ಎಲ್ಲರೂ ಕೂತರು. "ಹಾಂ, ಮುಂದಿನದು" ಎಂದರು ರಿಜಿಸ್ಟ್ರಾರ್.

ಆ ವಿಶ್ವವಿದ್ಯಾಲಯದಲ್ಲಿ ಇದು ಹೊಸದಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನೀರು ಬರುತ್ತಿಲ್ಲ ಎಂದು ವಾರ್ಡನ್ ಹೇಳಿದರೆ ನೀರಿಗಾಗಿ ಪ್ರಾರ್ಥನೆ. ಗಣಿತದ ಮೇಷ್ಟ್ರು ತಮ್ಮ ಬಡ್ತಿ ಏನಾಯಿತು ಎಂದು ಕೇಳಿದರೆ ಅವರ ಮನಸ್ಸಿನ ಶಾಂತಿಗಾಗಿ ಪ್ರಾರ್ಥನೆ. ಆಮೆನ್ ಆದಮೇಲೂ ಅದೇ ಮಾತೆತ್ತಿದರೆ ದೇವರ ಮೇಲೆ ಭರವಸೆ ಇಲ್ಲದವರು ಅನ್ನಿಸಿಕೊಳ್ಳಬೇಕು. ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ. ವಿಶ್ವವಿದ್ಯಾಲಯಕ್ಕೇ ಹಿರಿಯರಾದ ರೆಕ್ಟರ್ ಫಾದರ್ ಹುಡುಗರ ಬಾಯಲ್ಲಿ ಎಂದೋ 'ಆಮೆನ್ ಫಾದರ್' ಆಗಿಬಿಟ್ಟಿದ್ದರು. ಕೆಟ್ಟವರೇನಲ್ಲ. ಮಾಲಿಯ ಮಗಳ ಮದುವೆಗೂ ಹೋಗುವವರು, ಕಸ ಗುಡಿಸುವವರನ್ನೂ 'ಏನಮ್ಮಾ ಚೆನ್ನಾಗಿದೀಯಾ' ಎಂದು ನಿಂತು ಕೇಳುವವರು. ಜಗಳ ಅಂದರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ದನಿ ಏರುವ ಸೂಚನೆ ಕಂಡರೆ ಸಾಕು, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಆ್ಯಸಿಡ್ ಮೇಡಂ ಎಂಬ ಹೆಸರೂ ಹುಡುಗರದೇ. ರಸಾಯನಶಾಸ್ತ್ರ ಕಲಿಸುತ್ತಾರೆ ಎಂಬುದು ಅರ್ಧ ಕಾರಣ, ನಾಲಿಗೆ ಇನ್ನರ್ಧ. ಆದರೆ ಆ ನಾಲಿಗೆ ಕ್ಲಾಸಿನೊಳಗೇ ಜೋರು. ಈ ಉದ್ದನೆಯ ಮೇಜು, ಗೋಡೆಯ ಮೇಲಿನ ಶಿಲುಬೆ, ಹಿಂದಿನ ರೆಕ್ಟರುಗಳ ಸಾಲು ಚಿತ್ರಗಳು ಇರುವ ಕೋಣೆಗೆ ಬಂದರೆ ಅವರೂ ಎಲ್ಲರಂತೆ ಎದ್ದು, ಎಲ್ಲರಂತೆ ಕೂತು, ಮನೆಗೆ ಹೋಗಿ ಗಂಡನ ಮೇಲೆ ಹರಿಹಾಯುತ್ತಿದ್ದರು. "ಅಲ್ಲಿ ಹೇಳೋದನ್ನ ಇಲ್ಲಿ ಹೇಳ್ತಿದೀಯ. ನಾನೇನು ರೆಕ್ಟರಾ?" ಎಂದು ಆತ ನಗುತ್ತಿದ್ದ.

ಇವತ್ತು ನಗುವಂಥದ್ದು ಏನೂ ಇರಲಿಲ್ಲ. ಇವತ್ತಿನ ಸಭೆ ಲ್ಯಾಬ್ ಅಕ್ಕನ ಬಗ್ಗೆ.

ಲ್ಯಾಬ್ ಅಕ್ಕ ಅಂದರೆ ಕೆಮಿಸ್ಟ್ರಿ ಲ್ಯಾಬಿನ ಸಹಾಯಕಿ. ಮೇಷ್ಟ್ರುಗಳೂ ಅಕ್ಕ, ಹುಡುಗರೂ ಅಕ್ಕ. ಘಾಟು ಬರುವ ಆ್ಯಸಿಡ್‌ಗಳನ್ನು ಬಗ್ಗಿಸುವುದಕ್ಕೆಂದು ಲ್ಯಾಬಿನ ಮೂಲೆಯಲ್ಲಿ ಫ್ಯೂಮ್ ಹುಡ್ ಎಂಬ ದೊಡ್ಡ ಗಾಜಿನ ಪೆಟ್ಟಿಗೆ ಇದೆ. ಮೇಲೆ ಹೊಗೆ ಎಳೆಯುವ ಫ್ಯಾನು, ಮುಂದೆ ಮೇಲಕ್ಕೂ ಕೆಳಕ್ಕೂ ಸರಿಯುವ ಗಾಜು. ಆ ಗಾಜನ್ನು ಎತ್ತಿ ಹಿಡಿಯುವ ಹಗ್ಗ ತುಂಡಾಗಿ ಯಾವ ಕಾಲವೋ ಆಗಿತ್ತು. ಮುರಿದ ಬೆಂಚಿನ ಕಾಲೊಂದನ್ನು ಕೆಳಗೆ ಊರಿ ಗಾಜನ್ನು ನಿಲ್ಲಿಸುತ್ತಿದ್ದರು. ಹೋದ ವಾರ ಪರೀಕ್ಷೆಯ ತಯಾರಿಗೆಂದು ಅಕ್ಕ ನೈಟ್ರಿಕ್ ಆ್ಯಸಿಡ್ ಬಗ್ಗಿಸುತ್ತಿದ್ದಾಗ ಆ ಕಾಲು ಜಾರಿತು. ಗಾಜು ಸೀಸೆಯ ಮೇಲೆ ಬಿತ್ತು, ಆ್ಯಸಿಡ್ ಅವಳ ಮುಖಕ್ಕೆ ಹಾರಿತು. ಪಕ್ಕದ ಕ್ಲಾಸಿನಿಂದ ಓಡಿಬಂದು ಅವಳ ತಲೆಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದವರು ಮೇಡಂ. "ಸೀಸೆ ಒಡೀತಾ ಮೇಡಂ? ಹೊಸಾದು ಅದು" ಎಂದಿದ್ದಳು ಅಕ್ಕ, ನೀರಿನ ಕೆಳಗಿಂದಲೇ. ಬಲಗಣ್ಣು ಉಳಿಯಲಿಲ್ಲ.

ಈಗ ಅವಳು ಹೊರಗೆ, ಕಾರಿಡಾರಿನ ಬೆಂಚಿನ ಮೇಲೆ, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಕರೆದಾಗ ಒಳಗೆ ಬರಬೇಕು ಎಂದು ಆಫೀಸಿನಿಂದ ಹೇಳಿಕಳಿಸಿದ್ದರು. ಒಳಗೆ ಬರುವ ಮುಂಚೆ ಮೇಡಂ ಅವಳ ಪಕ್ಕ ಒಂದು ಗಳಿಗೆ ಕೂತಿದ್ದರು.

"ಕೆಲಸ ತೆಗೀತಾರಾ ಮೇಡಂ?"

"ಯಾಕೆ ತೆಗೀತಾರೆ? ನಿನ್ನದೇನು ತಪ್ಪು?"

"ಕನ್ನಡಕ ಹಾಕ್ಕೊಂಡಿರ್ಲಿಲ್ಲ ಅಂತ ರಿಜಿಸ್ಟ್ರಾರ್ ಸರ್ ಹೇಳ್ತಿದ್ರಂತೆ. ಕ್ಯಾಂಟೀನಲ್ಲಿ ಎಲ್ಲಾರ ಬಾಯಲ್ಲೂ ಅದೇ." ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನನಗೆ ಒಂದು ಕಣ್ಣು ಸಾಕು ಬಿಡಿ. ನಿಮ್ಮ ಹುಡುಗ್ರು ಟೆಸ್ಟ್‌ಟ್ಯೂಬ್ ಒಡೆದು ಕಸದ ಬುಟ್ಟೀಲಿ ಮುಚ್ಚಿಡೋದು ಅರ್ಧ ಕಣ್ಣಲ್ಲೂ ಕಾಣತ್ತೆ. ಕೆಲಸ ಒಂದು ಇರ್ಲಿ. ನನ್ನ ತಪ್ಪು ಅಂತ ಬರೆದು ಕಳ್ಸಿದ್ರೆ ಬೇರೆ ಯಾವ ಲ್ಯಾಬಿಗೆ ಸೇರಿಸ್ಕೋತಾರೆ, ನೀವೇ ಹೇಳಿ."

ಮೇಡಂ ಅವಳ ಹೆಗಲು ತಟ್ಟಿ ಒಳಗೆ ಬಂದಿದ್ದರು.

"ಮುಂದಿನದು ಅಂದರೆ, ಕಾರಣ" ಎಂದು ರಿಜಿಸ್ಟ್ರಾರ್ ಗಂಟಲು ಸರಿಮಾಡಿಕೊಂಡರು. ಇಸ್ತ್ರಿ ಕೆಡದ ಮನುಷ್ಯ, ಮಾತೂ ಹಾಗೇ. "ಲ್ಯಾಬಿಗೆ ರಕ್ಷಣೆಯ ಕನ್ನಡಕಗಳನ್ನ ಕೊಟ್ಟಿದೀವಿ. ಆಕೆ ಹಾಕ್ಕೊಂಡಿಲ್ಲ. ಇದು ಆಕೆಯ ಅಜಾಗರೂಕತೆ. ಸಂಸ್ಥೆಯ ಮೇಲೆ ಏನೂ ಬರಲ್ಲ. ಗೌರವವಾಗಿ ಕಳಿಸಿಕೊಡೋಣ."

"ಆ ಕನ್ನಡಕ ಎಲ್ಲಿವೆ ಸರ್?" ಎಂದರು ಮೇಡಂ.

"ಲ್ಯಾಬಲ್ಲಿ."

"ಲ್ಯಾಬಲ್ಲಿ ಎಲ್ಲಿ?"

"ಕಪಾಟಲ್ಲಿ ಇರ್ತವೆ. ಇನ್ನೆಲ್ಲಿ ಇರ್ಬೇಕು?"

"ಕಪಾಟಿಗೆ ಬೀಗ ಇದೆ. ಬೀಗದ ಕೈ ನಿಮ್ಮ ಆಫೀಸಲ್ಲಿದೆ. ತಪಾಸಣೆಗೆ ಬರೋರಿಗೆ ತೋರಿಸ್ಬೇಕು, ಗೀರು ಬಿದ್ರೆ ಚೆನ್ನಾಗಿರಲ್ಲ ಅಂತ ಹೇಳಿ ನೀವೇ ಬೀಗ ಹಾಕಿಸಿದ್ರಿ. ಇವತ್ತಿಗೂ ಒಂದೊಂದರ ಮೇಲೂ ಪ್ಲಾಸ್ಟಿಕ್ ಹಾಗೇ ಇದೆ."

ರಿಜಿಸ್ಟ್ರಾರ್ ನಕ್ಕರು. ಮಗು ಹಟ ಮಾಡಿದಾಗ ನಗುವಂತೆ. "ಕೇಳಿದ್ರೆ ಕೊಡ್ತಿರ್ಲಿಲ್ವಾ ಮೇಡಂ? ಆಕೆಗೆ ಬಾಯಿ ಇರ್ಲಿಲ್ವಾ?"

ಮೇಡಂ ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥರತ್ತ ತಿರುಗಿದರು. ಎಲ್ಲರಿಗೂ ಅವರು 'ದೊಡ್ಡ ಸರ್'. ಮೇಡಂ ವಿದ್ಯಾರ್ಥಿನಿಯಾಗಿದ್ದಾಗ ಅವರಿಗೂ ಪಾಠ ಹೇಳಿದವರು. "ದೊಡ್ಡ ಸರ್, ನೀವು ಕೇಳಿದ್ರಲ್ಲ? ನನ್ನ ಎದುರೇ ಹೋಗಿ ಬೀಗದ ಕೈ ಕೇಳಿದ್ರಲ್ಲ? ಹೇಳಿ."

ದೊಡ್ಡ ಸರ್ ಟೀ ಕಪ್ಪಿನೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡಿದರು. "ಅದು... ಯಾವತ್ತು ಅಂತ ಸರಿಯಾಗಿ ನೆನಪಿಲ್ಲಮ್ಮ" ಎಂದು ಗೊಣಗಿದರು. ನಿವೃತ್ತಿ ಹತ್ತಿರದಲ್ಲಿತ್ತು.

ಅಷ್ಟು ಹೊತ್ತಿಗೆ ಮೇಡಂ ಮೈಯೆಲ್ಲ ಉರಿಯುತ್ತಿತ್ತು. ಒಬ್ಬರು ನಗುತ್ತಾರೆ, ಒಬ್ಬರು ಮರೆಯುತ್ತಾರೆ, ಒಬ್ಬರು ಕಣ್ಣು ಮುಚ್ಚುತ್ತಾರೆ. ಎಲ್ಲ ಎಷ್ಟು ಸಲೀಸು! "ನಾಚಿಕೆ ಆಗ್ಬೇಕು" ಎಂದರು. ದನಿ ಅವರಿಗೇ ಗುರುತು ಸಿಗಲಿಲ್ಲ. "ಒಬ್ಬಳ ಕಣ್ಣು ತೆಗೆದು, ತಪ್ಪನ್ನೂ ಅವಳ ತಲೆಗೇ ಕಟ್ಟಿ..."

"ಸಮಾಧಾನ, ಸಮಾಧಾನ" ಎಂದರು ಫಾದರ್. ಮುಖದಲ್ಲಿ ನಿಜವಾದ ನೋವೇ ಇತ್ತು. "ಮಗಳೇ, ನಿನ್ನ ಸಂಕಟ ನನಗೆ ಅರ್ಥ ಆಗತ್ತೆ. ಕೆಲವನ್ನ ಹೊಟ್ಟೆಗೆ ಹಾಕ್ಕೊಳ್ಳಬೇಕು. ಎಲ್ಲರೂ ಎದ್ದು ಪ್ರಾರ್ಥಿಸೋಣ. ಆಕೆಯ ಮುಂದಿನ ಬದುಕಿಗಾಗಿ. ಆಮೇಲೆ ಆಕೇನ ಒಳಗೆ ಕರೆದು ತೀರ್ಮಾನ ಹೇಳಿಬಿಡೋಣ."

ಕುರ್ಚಿಗಳು ಸರಿದವು. ಕಣ್ಣುಗಳು ಮುಚ್ಚಿದವು. ಫಾದರ್ ದೇವರ ಕರುಣೆಯ ಬಗ್ಗೆ, ಕಷ್ಟದ ದಾರಿಯ ಬಗ್ಗೆ ಹೇಳಿ, ರೂಢಿಯ ಮಾತಿಗೆ ಬಂದರು: "ಯಾರ ಮನಸ್ಸಿನಲ್ಲಾದರೂ ಬೇಡಿಕೆ ಇದ್ದರೆ ಪ್ರಭುವಿನ ಮುಂದೆ ಇಡಬಹುದು."

ಅಲ್ಲಿನ ಪದ್ಧತಿ ಅದು. ಯಾರಾದರೂ ಬೇಡಿಕೆ ಇಟ್ಟರೆ ಉಳಿದವರು 'ಪ್ರಭುವೇ, ನಮ್ಮ ಮೊರೆಯನ್ನು ಆಲಿಸು' ಎಂದು ದನಿಗೂಡಿಸಬೇಕು. ಬೇಡುವವರ ಮಾತಿಗೆ ಅಡ್ಡ ಬಾಯಿ ಹಾಕುವ ಹಾಗಿಲ್ಲ. ಕೊನೆಗೆ ಬೇಡಿದವರೇ ಆಮೆನ್ ಅನ್ನಬೇಕು. ಅಲ್ಲಿಯವರೆಗೆ ಯಾರೂ ಕಣ್ಣು ಬಿಡುವುದಿಲ್ಲ. ಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಏನೂ ಬೇಡುತ್ತಿರಲಿಲ್ಲ. ಊಟದ ಹೊತ್ತು ಮೀರುತ್ತದಲ್ಲ.

ಮೇಡಂಗೆ ಇದ್ದಕ್ಕಿದ್ದಂತೆ ತಮ್ಮ ಅಜ್ಜಿ ನೆನಪಾದಳು. ಅಜ್ಜಿಗೆ ಪಕ್ಕದ ಮನೆಯವರ ಜೊತೆ ಮಾತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಸಂಜೆ ಜಪಮಾಲೆ ಹಿಡಿದು, ಕಿಟಕಿ ತೆರೆದಿಟ್ಟು, ದೇವರಿಗೆ ಹೇಳುತ್ತಿದ್ದಳು. 'ಸ್ವಾಮೀ, ಪಕ್ಕದ ಮನೆಯೋಳು ನಮ್ಮ ಬಾಗಿಲಿಗೆ ಬಚ್ಚಲ ನೀರು ಬಿಡ್ತಾಳೆ, ಅವಳಿಗೆ ಒಳ್ಳೇ ಬುದ್ಧಿ ಕೊಡು.' ಪಕ್ಕದ ಮನೆಯವಳು ಕಿಟಕಿಗೆ ಬಂದು ಬೈಯಲು ಬಾಯಿ ತೆರೆದು, ಪ್ರಾರ್ಥನೆಗೆ ಹೇಗೆ ಬೈಯುವುದು ಎಂದು ತಿಳಿಯದೆ, ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋಗುತ್ತಿದ್ದಳು.

"ನನ್ನದೊಂದು ಬೇಡಿಕೆ ಇದೆ" ಎಂದರು ಮೇಡಂ.

ಅವರು ಕಣ್ಣು ಮುಚ್ಚಲಿಲ್ಲ.

"ಸ್ವಾಮೀ, ನಮ್ಮ ಲ್ಯಾಬ್ ಅಕ್ಕನಿಗಾಗಿ ಬೇಡ್ಕೋತೀನಿ. ಅವಳ ಬಲಗಣ್ಣು ಹೋಯ್ತು. ಎಡಗಣ್ಣನ್ನಾದ್ರೂ ಕಾಪಾಡು."

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎಂದು ಸಿಸ್ಟರ್ ಶುರುಮಾಡಿದರು. ಇಂಗ್ಲಿಷ್ ಕಲಿಸುವ ಈ ಸಿಸ್ಟರೇ ಬೆಳಿಗ್ಗೆ ಚಾಪೆಲ್‌ನಲ್ಲೂ ಎಲ್ಲರಿಗಿಂತ ಮುಂಚೆ ದನಿ ಎತ್ತುವವರು. ಉಳಿದವರು ಹಿಂಬಾಲಿಸಿದರು.

"ಆ ಗಾಜಿನ ಹಗ್ಗಕ್ಕಾಗಿ ಬೇಡ್ಕೋತೀನಿ. ಹೋದ ವರ್ಷ ಇದೇ ಕೋಣೇಲಿ ನಾನು ಅದರ ಮಾತೆತ್ತಿದಾಗ, ಪ್ರಾರ್ಥನೆ ಮಾಡಿ ಅದನ್ನ ನಿನ್ನ ತಲೆಗೆ ಕಟ್ಟಿದ್ವಿ. ನೀನು ರಿಪೇರಿ ಮಾಡ್ಲಿಲ್ಲ. ಅದು ನಿನ್ನ ಕೆಲಸ ಅಲ್ಲ ಸ್ವಾಮೀ, ನಮ್ಮದು. ನಾನೂ ಎಲ್ಲರ ಜೊತೆ ಆಮೆನ್ ಅಂದು ಬಾಯಿ ಮುಚ್ಕೊಂಡು ಮನೆಗೆ ಹೋದೆ."

ವಾಕ್ಯ ಮುಗಿದಿತ್ತು. ಮುಗಿದ ವಾಕ್ಯಕ್ಕೆ ಉತ್ತರ ಕೊಟ್ಟು ಕೊಟ್ಟು ಪಳಗಿದ ನಾಲಿಗೆ ಸಿಸ್ಟರದು. "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎಂದುಬಿಟ್ಟರು. ಫಾದರ್ ತುಟಿಯೂ ಅಲುಗಿತು.

"ಬೀಗ ಹಾಕಿರೋ ಕಪಾಟಿಗಾಗಿ ಬೇಡ್ಕೋತೀನಿ. ಒಳಗೆ ಹೊಸ ಕನ್ನಡಕ ಇವೆ. ನೋಡೋಕೆ ಬರೋರ ಕಣ್ಣು ತಂಪಾಗ್ಲಿ ಅಂತ ಇಟ್ಟಿದೀವಿ. ಕೆಲಸ ಮಾಡೋಳ ಕಣ್ಣು..."

"ಇದೇನು ಫಾದರ್, ಇದು ಪ್ರಾರ್ಥನೇನಾ?" ರಿಜಿಸ್ಟ್ರಾರ್ ಕಣ್ಣು ಬಿಟ್ಟರು.

"ಶ್!" ಎಂದರು ಸಿಸ್ಟರ್, ಕಣ್ಣು ಮುಚ್ಚಿಕೊಂಡೇ. ಚಾಪೆಲ್‌ನಲ್ಲಿ ಪಿಸುಗುಟ್ಟುವ ಹುಡುಗಿಯರಿಗೆ ಹೇಳುವ ಅದೇ 'ಶ್'. ರಿಜಿಸ್ಟ್ರಾರ್ ಮತ್ತೆ ಕಣ್ಣು ಮುಚ್ಚಿದರು.

"ಕೆಲಸ ಮಾಡೋಳ ಕಣ್ಣು ಹೋಯ್ತು. ಈಗ ಅವಳದೇ ತಪ್ಪು ಅಂತಿದೀವಿ. ಆ ಸುಳ್ಳನ್ನ ಕ್ಷಮಿಸ್ಬೇಡ ಸ್ವಾಮೀ. ಇನ್ನೂ ಬಾಯಿಂದ ಪೂರ್ತಿ ಹೊರಗೆ ಬಂದಿಲ್ಲ, ಒಳಗೇ ತಡೆ."

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸು." ಈ ಸಲ ಸಿಸ್ಟರ್ ದನಿ ತಗ್ಗಿತ್ತು.

"ನಮ್ಮ ದೊಡ್ಡ ಸರ್‌ಗಾಗಿ ಬೇಡ್ಕೋತೀನಿ. ಲ್ಯಾಬಲ್ಲಿ ಕಂಡದ್ದನ್ನ ಕಂಡ ಹಾಗೇ ಹೇಳ್ಬೇಕು ಅಂತ ನನಗೆ ಕಲಿಸಿದೋರು ಅವರು. ಅವರ ಹೆದರಿಕೆ ತೆಗಿ."

ಯಾರೂ ಉತ್ತರಿಸಲಿಲ್ಲ. ಸಿಸ್ಟರ್ ಕೂಡ. ಆಮೇಲೆ ಒಂದು ಒಡೆದ ದನಿ, ಒಂಟಿಯಾಗಿ, "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎಂದಿತು. ದೊಡ್ಡ ಸರ್.

ಮೇಡಂ ಫಾದರ್‌ರ ಮುಖವನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಆ ಮುಖವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ನೋಡಿದ್ದು ಇದೇ ಮೊದಲು. ರೆಪ್ಪೆಗಳು ಬಿಗಿಯಾಗಿದ್ದವು. ಇಂಜೆಕ್ಷನ್‌ಗೆ ತೋಳು ಚಾಚಿದ ಮಗುವಿನ ಹಾಗಿದ್ದರು.

"ಕೊನೇದು ನಮ್ಮ ಫಾದರ್‌ಗಾಗಿ" ಎಂದರು. ದನಿ ಏರಿಸಲಿಲ್ಲ. "ನಿನ್ನ ಹತ್ರ ಮಾತಾಡೋವಾಗ ಅವರು ಕಣ್ಣು ಮುಚ್ಚಲಿ, ಬೇಡ ಅನ್ನಲ್ಲ. ನಮ್ಮ ಹತ್ರ ಮಾತಾಡೋವಾಗ ತೆರೆಸು. ಹೊರಗೆ ಬೆಂಚಿನ ಮೇಲೆ ಒಬ್ಬಳು ಕಾಯ್ತಿದಾಳೆ. ಇವರೇ ಹೋಗಿ, ಅವಳ ಮುಖ ನೋಡಿ, ತಪ್ಪು ನಿನ್ನದಲ್ಲ ಅಂತ ಹೇಳ್ಲಿ. ಅಷ್ಟೇ ನನ್ನ ಬೇಡಿಕೆ."

ಎಲ್ಲರೂ ಆಮೆನ್‌ಗಾಗಿ ಕಾದರು.

ಮೇಡಂ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡರು. ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಗೆ ಸೇರಿಸಿದರು. ನಾಲ್ವರು, ಕೈ ಜೋಡಿಸಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತೇ ಇದ್ದರು. ಮೇಡಂ ಬಾಗಿಲು ತೆರೆದು ಹೊರಗೆ ಬಂದರು.

ಕಾರಿಡಾರಿನಲ್ಲಿ ಲ್ಯಾಬ್ ಅಕ್ಕ ಎದ್ದು ನಿಂತಿದ್ದಳು. ಒಳಗಿನ ಪ್ರಾರ್ಥನೆಯ ದನಿ ಕೇಳಿ ಎದ್ದಿರಬೇಕು. ಅವಳ ಪಕ್ಕ ಕ್ಯಾಂಟೀನಿನ ಹೆಂಗಸು ಟೀ ತಟ್ಟೆ ಹಿಡಿದು ನಿಂತಿದ್ದಳು. ಆಮೆನ್ ಕೇಳಿಸದೆ ಒಳಗೆ ಹೋಗುವ ಹಾಗಿರಲಿಲ್ಲ. ಟೀ ಮೇಲೆ ಕೆನೆ ಕಟ್ಟುತ್ತಿತ್ತು.

"ಮುಗೀತಾ ಮೇಡಂ?" ಎಂದಳು ಅಕ್ಕ, ಮೆಲ್ಲಗೆ.

"ಇಲ್ಲ."

"ಮತ್ತೆ ನೀವು ಎದ್ದು ಬಂದ್ರಿ?"

"ನಾನು ಹೇಳೋದು ಹೇಳಿಯಾಯ್ತು. ಕೂತ್ಕೋ."

ಇಬ್ಬರೂ ಬೆಂಚಿನ ಮೇಲೆ ಕೂತರು. ಮೇಡಂ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಳಗೆ ಸದ್ದಿರಲಿಲ್ಲ. ಬಹಳ ಹೊತ್ತಾದ ಮೇಲೆ ಒಂದು ಕುರ್ಚಿ, ಒಂದೇ ಒಂದು ಕುರ್ಚಿ, ನೆಲಕ್ಕೆ ಉಜ್ಜಿದ ಸದ್ದಾಯಿತು. ಆಮೇಲೆ ಬಾಗಿಲ ಕಡೆಗೆ ಬರುವ ಹೆಜ್ಜೆ.

ಅಕ್ಕ ಸೆರಗು ಸರಿಮಾಡಿಕೊಂಡಳು. ಬೆಂಚಿನ ಮೇಲೆ ಸ್ವಲ್ಪ ಜರುಗಿ, ಕಾಣುವ ಕಣ್ಣು ಬಾಗಿಲ ಕಡೆಗೆ ಬರುವಂತೆ ತಿರುಗಿ ಕೂತಳು.