ಬೋಳುಗಲ್ಲಿನ ಪಿಕಳಾರ

ತುಮಕೂರು ಜಿಲ್ಲೆಯ ಹಕ್ಕಿಗಳು ನನ್ನನ್ನು ಕೇಳದೆ ಮೊಟ್ಟೆ ಇಡುವುದಿಲ್ಲ. ಕುಣಿಗಲ್ ಕೆರೆಗೆ ಚಳಿಗಾಲದಲ್ಲಿ ಬರುವ ಬಾತುಗಳಂತೂ, ಬಸವಪ್ರಭು ಊರಲ್ಲಿದ್ದಾನೋ ಇಲ್ಲವೋ ಎಂದು ವಿಚಾರಿಸಿಕೊಂಡೇ ಹಿಮಾಲಯ ದಾಟುತ್ತವೆ. ಒಂದು ವರ್ಷ ನಾನು ಮಗಳ ಮನೆಯಲ್ಲಿ ಹದಿನೈದು ದಿನ ಉಳಿದುಬಿಟ್ಟೆ. ಅವು ಕೆರೆಯ ಮೇಲೆ ಎರಡು ಸುತ್ತು ಹೊಡೆದು, ಬೇಜಾರಾಗಿ ವಾಪಸ್ ಹೋದವಂತೆ. ಕಣ್ಣಾರೆ ಕಂಡವರು ಹೇಳಿದ ಮಾತು. ಕಂಡವರು ಯಾರು ಎಂದು ಮಾತ್ರ ಕೇಳಬೇಡಿ.

ಇಂಥ ನಾನು ಈ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಕ್ಯಾತ್ಸಂದ್ರದ ಸ್ಟೇಷನ್ ಹತ್ತಿರ ಕಲ್ಲುಬೆಂಚಿನಿಂದ ಎದ್ದು ನಿಂತೆ. ನನ್ನ ಮಂಡಿ ಲಟಕ್ಕೆಂದ ಸದ್ದಿಗೆ, ಹಳಿ ಬಿರುಕು ಬಿಟ್ಟಿತೇನೋ ಎಂದು ಸ್ಟೇಷನ್ ಮಾಸ್ಟರು ಹೊರಗೆ ಬಂದು ನೋಡಿದರು.

"ಏನ್ಲಾ ಪ್ರಭು, ಇವತ್ತು ಬೇಡ ಅಂದ್ರೆ ಬೇಡ ಅಂದ್ಬುಡು. ನಂಗೂ ಕಾಲು ಬರಲ್ಲ" ಎಂದ ವೆಂಕಟರಂಗಯ್ಯ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು, ನನ್ನ ಹಳೆಯ ಗೆಳೆಯ. ಟಿಕೆಟ್ ಕೊಡುತ್ತಾ ಕೊಡುತ್ತಾ ಆಡಬೇಕಾದ ಮಾತನ್ನೆಲ್ಲ ಆಡಿ ಮುಗಿಸಿದ್ದಾನೆ. ಈಗ ದಿನಕ್ಕೆ ಹತ್ತು ಮಾತು, ಅದೂ ಚಿಲ್ಲರೆಯ ಹಾಗೆ ಎಣಿಸಿ ಕೊಡುತ್ತಾನೆ.

"ನಾನು ಹೋಗದಿದ್ರೆ ಹಕ್ಕಿಗಳು ಬೇಜಾರು ಮಾಡ್ಕೊಂತವೆ ಕಣೋ."

"ಹಕ್ಕಿಗಳದು ಇರ್ಲಿ. ಆ ಟೀಚರಮ್ಮನ ಮುಖ ನೋಡಕ್ಕಾಗಲ್ಲ ನಂಗೆ."

ಟೀಚರಮ್ಮ ಎಂದರೆ ನೇತ್ರಾವತಿ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಅದರ ಜೊತೆಗೆ ಪಿಎಚ್‌ಡಿ. ನಮ್ಮ ಊರಂಚಿನ ಕಲ್ಲುಗುಡ್ಡಗಳ ಹಕ್ಕಿಗಳ ಮೇಲೆ. ಮೊದಲ ಬಸ್ಸಿಗೆ ಬಂದಿಳಿದಾಗಲೇ ಅವಳ ಭುಜಗಳು ಸಂಜೆಯ ಭುಜಗಳ ಹಾಗೆ ಇಳಿಬಿದ್ದಿದ್ದವು.

"ಸರ್, ಗೈಡು ಥೀಸಿಸ್ ಮಂಗಳವಾರ ಕೊಟ್ಬಿಡು ಅಂದಿದಾರೆ. ಇವತ್ತೇ ಕೊನೆ. ಇವತ್ತೂ ಕಾಣ್ಲಿಲ್ಲ ಅಂದ್ರೆ, ಆ ಗುಡ್ಡದಿಂದ ಕಣ್ಮರೆ ಆಯ್ತು ಅಂತ ಬರ್ದು ಮುಗಿಸ್ತೀನಿ."

ಕಣ್ಮರೆಯಾಗಬೇಕಾಗಿದ್ದುದು ಹಳದಿ ಕೊರಳಿನ ಪಿಕಳಾರ. ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಬಾಳದ ನಾಚಿಕೆಯ ಹಕ್ಕಿ. ದೇವರಾಯನದುರ್ಗದ ಬಂಡೆಗಳಲ್ಲಿ ಅದು ಇರುವುದು ನಮ್ಮ ಕಡೆ ಹಕ್ಕಿ ನೋಡುವವರಿಗೆಲ್ಲ ಗೊತ್ತು. ಆದರೆ ಹಿರೇಹಳ್ಳಿ ಫ್ಯಾಕ್ಟರಿಗಳ ಆಚೆ ಇರುವ ಬೋಳುಗಲ್ಲು ಎಂಬ ಸಣ್ಣ ಗುಡ್ಡದಲ್ಲಿ ಅದನ್ನು ಮೊದಲು ಕಂಡವನು ಭೂಮಂಡಲದಲ್ಲಿ ನಾನೇ. ಐದು ವರ್ಷದ ಹಿಂದಿನ ಮಾತು. ಹಕ್ಕಿ ನೋಡುವ ನಮ್ಮ ಬಳಗದ ಪಟ್ಟಿಯಲ್ಲಿ ಅದನ್ನು ಓದಿದ ನೇತ್ರಾವತಿ, ಮರುವರ್ಷದಿಂದ ಪ್ರತಿ ವಸಂತದಲ್ಲೂ ಭಾನುವಾರ ತಪ್ಪದೆ ಬಂದು ಹುಡುಕಿದ್ದಾಳೆ. ಇದು ಐದನೆಯ ವಸಂತ. ಒಂದು ಪುಕ್ಕವೂ ಸಿಕ್ಕಿಲ್ಲ. ಇದ್ದ ಹಕ್ಕಿ ಹೇಗೆ ಹೋಯಿತು ಎಂಬುದರ ಮೇಲೆಯೇ ಅವಳು ನಲವತ್ತು ಪುಟ ಬರೆದಿಟ್ಟುಕೊಂಡಿದ್ದಳು.

ಹೊರಟೆವು. ಹೈವೇ ದಾಟಿ, ಹಾಸ್ಟೆಲುಗಳ ಹಿಂಬದಿಯ ಕಾಲುದಾರಿ ಹಿಡಿದೆವು. ಹೊಂಗೆ ಚಿಗುರಿತ್ತು. ಬೇವಿನ ಹೂವು ತಲೆಯ ಮೇಲೆ ಉದುರುತ್ತಿತ್ತು. ಯುಗಾದಿಗೆ ಇನ್ನೂ ಹತ್ತು ದಿನವಿದ್ದರೂ ಬಿಸಿಲಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ, ಏಳೂವರೆಗೇ ಬೆನ್ನು ಹತ್ತಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸೈಟಿನ ಕಲ್ಲುಗಳನ್ನು ನೆಟ್ಟಿದ್ದರು. ಒಂದೊಂದು ಕಲ್ಲಿನ ಮೇಲೂ ಒಂದೊಂದು ಕಾಜಾಣ, ಸೈಟು ತನ್ನದೇ ಎಂಬ ಹಾಗೆ ಬಾಲ ಸೀಳಿಕೊಂಡು ಕೂತಿತ್ತು.

ಬೇರೆ ದಿನವಾಗಿದ್ದರೆ ನಾನು ಒಂದೊಂದು ಹಕ್ಕಿಯ ಮೂರು ತಲೆಮಾರಿನ ಚರಿತ್ರೆ ಹೇಳುತ್ತಿದ್ದೆ. ಸಿದ್ದಗಂಗೆಯ ಕಡೆಯ ಒಂದು ಗೊರವಂಕ ನನ್ನ ಹಾಗೆಯೇ ಕೆಮ್ಮುವುದನ್ನು ಕಲಿತದ್ದು, ನಾನು ಶಿಳ್ಳೆ ಹಾಕಿದರೆ ಕುಣಿಗಲ್‌ನ ಕೋಗಿಲೆ ಗುಬ್ಬಿಯ ಕೋಗಿಲೆಗೆ ಸುದ್ದಿ ಮುಟ್ಟಿಸುವುದು, ಹೀಗೆ. ಅವತ್ತು ಬಾಯಿ ತೆರೆದರೆ ಧೂಳು ಮಾತ್ರ ಒಳಗೆ ಹೋಗುತ್ತಿತ್ತು. ಎಲ್ಲೋ ಒಂದು ಟಿಟ್ಟಿಭ ಚೀರಿತು. ನೇತ್ರಾವತಿ ನಿಂತು, ಅದನ್ನು ಬರೆದುಕೊಂಡು, ಮತ್ತೆ ನಡೆದಳು.

ಫ್ಯಾಕ್ಟರಿ ಶೆಡ್ಡುಗಳ ಎಣ್ಣೆವಾಸನೆ ದಾಟಿ ಬೋಳುಗಲ್ಲಿನ ಬುಡ ಮುಟ್ಟುವಾಗ ಒಂಬತ್ತಾಗಿತ್ತು. ಗುಡ್ಡದ ಅರ್ಧ ಹತ್ತಿ ಬಂಡೆಯೊಂದಕ್ಕೆ ಬೆನ್ನುಕೊಟ್ಟು ಕೂತೆವು. ಅವಳು ಬೈನಾಕ್ಯುಲರ್ ಕಣ್ಣಿಗಿಟ್ಟು ಒಂದು ಗಂಟೆ ಕದಲಲಿಲ್ಲ. ಕೆಮ್ಮೀಸೆ ಪಿಕಳಾರಗಳು ಬಂದವು, ಹೋದವು. ಸೂರಕ್ಕಿಯೊಂದು ಮುತ್ತುಗದ ಹೂವಿಗೆ ತಲೆಕೆಳಗಾಗಿ ಜೋತುಬಿತ್ತು. ಹಳದಿ ಕೊರಳು ಮಾತ್ರ ಇಲ್ಲ.

"ಸರ್, ನಿಮ್ಮ ಹಕ್ಕಿ ಎಲ್ಲಿ ಕೂತಿತ್ತು ಅಂತ ಇನ್ನೊಂದ್ಸಲ ಹೇಳಿ."

"ಅಗೋ, ಆ ಗೋಣಿಮರದ ಮೇಲೆ ಕಣಮ್ಮ."

"ಹೋದ್ವರ್ಷ ಕಾರೆಗಿಡ ಅಂದಿದ್ರಿ."

"ಮರದಿಂದ ಗಿಡಕ್ಕೆ ಹಾರ್ತು."

ಅವಳು ಅದನ್ನೂ ಬರೆದುಕೊಂಡಳು. ವೆಂಕಟರಂಗಯ್ಯ ಆಚೆ ತಿರುಗಿ, ಕಾಲಿಗೆ ಚುಚ್ಚದೇ ಇದ್ದ ಮುಳ್ಳನ್ನು ಕೀಳತೊಡಗಿದ.

ಅವಳು ಬೈನಾಕ್ಯುಲರ್ ಇಳಿಸಿದಳು. ಕಣ್ಣಿನ ಸುತ್ತ ಎರಡು ಕೆಂಪು ಬಳೆ ಮೂಡಿದ್ದವು. "ಮೊದಲ ವರ್ಷ ಈ ಕಲ್ಲು ಹತ್ತೋಕೆ ಐದು ನಿಮಿಷ ಸಾಕಾಗಿತ್ತು ಸರ್. ಇವತ್ತು ಎಷ್ಟೊತ್ತಾಯ್ತು ನೋಡಿ. ಹಕ್ಕಿ ಹೋಯ್ತಲ್ಲ ಅನ್ನೋದಕ್ಕಿಂತ, ನಾನು ಒಂದು ವರ್ಷ ಲೇಟಾಗಿ ಬಂದೆ ಅನ್ನೋದೇ ಬೇಜಾರು. ಮೊದಲೇ ಬಂದು ವರದಿ ಮಾಡಿದ್ರೆ ಉಳೀತಿತ್ತೇನೋ. ರಾತ್ರಿ ಮಲಗಿದ್ರೂ ಅದೇ ಕೊರೀತದೆ."

ನನ್ನ ಮುಂದೆ ಎರಡು ದಾರಿ ಇದ್ದವು. ನಾನು ಅನುಭವ ಇರುವ ದಾರಿಯನ್ನೇ ಹಿಡಿದೆ.

"ಅಗೋ! ಅಗೋ! ಮೇಲ್ಗಡೆ ಬಂಡೆ ಸಂದಿ! ಹಳದಿ ಕೊರಳು!"

ಅರ್ಧ ಗುಡ್ಡ ಹತ್ತುವುದಕ್ಕೇ ಸುಸ್ತಾಗಿದ್ದವಳು ನಾಲ್ಕು ಕಾಲಿನ ಪ್ರಾಣಿಯ ಹಾಗೆ ಬಂಡೆ ಏರಿದಳು. ಜಾರಿದಳು, ಅಂಗೈ ತರಚಿತು, ಮತ್ತೆ ಏರಿದಳು. ಮೇಲೆ ನಿಂತು ಸುತ್ತ ನೋಡಿದಳು. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಹಾರಿಹೋಯ್ತಾ? ಖಂಡಿತ ಅದೇನಾ ಸರ್?"

"ನೂರಕ್ಕೆ ಇನ್ನೂರು!"

ಅವಳು ನಕ್ಕಳು. ನಾಲ್ಕು ವರ್ಷದಲ್ಲಿ ಆ ನಗುವನ್ನು ನಾನು ನೋಡಿರಲಿಲ್ಲ. "ಹಾಗಾದ್ರೆ ಇದೆ! ಹೋಗಿಲ್ಲ! ಮಂಗಳವಾರ ಅಲ್ಲ, ಇನ್ನೊಂದು ವರ್ಷ ತಗೊಂತೀನಿ ಸರ್. ಮುಂದಿನ ವಸಂತಕ್ಕೂ ಬರ್ತೀನಿ."

ಹಕ್ಕಿ ಬದುಕಿದ್ದರೆ ಅವಳು ಸಮಾಧಾನದಿಂದ ಮನೆಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಮತ್ತೊಂದು ವರ್ಷ ನಡೆಯುತ್ತಾಳೆ ಎಂಬುದು ನನ್ನ ಮಹಾಬುದ್ಧಿಗೆ ಹೊಳೆದೇ ಇರಲಿಲ್ಲ.

ಇಳಿದು ಬಂದು ಫ್ಯಾಕ್ಟರಿ ರಸ್ತೆಯ ಟೀ ಅಂಗಡಿಯಲ್ಲಿ ಕೂತೆವು. ನಮ್ಮ ಬಳಗದಲ್ಲಿ ಒಂದು ಪದ್ಧತಿಯಿದೆ. ನಡಿಗೆ ಮುಗಿದ ಮೇಲೆ ಟೀ ಕುಡಿಯುತ್ತಾ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ಪ್ರತಿ ಹಕ್ಕಿಗೂ ಎರಡು ಕೈ ಮೇಲೇಳಬೇಕು, ಕಂಡವನದೊಂದು, ಜೊತೆಗೆ ಕಂಡ ಇನ್ನೊಬ್ಬನದೊಂದು. ಎರಡನೆಯ ಕೈ ಇಲ್ಲದಿದ್ದರೆ ಹಕ್ಕಿ ಪಟ್ಟಿಗೆ ಇಲ್ಲ. ಜಗತ್ತಿನ ಕೋರ್ಟುಗಳು ಸಾಕ್ಷಿ ಕೇಳುವುದನ್ನು ಕಲಿತದ್ದೇ ನಮ್ಮಿಂದ.

ನೇತ್ರಾವತಿ ಓದಿದಳು. ಕಾಜಾಣ, ಟಿಟ್ಟಿಭ, ಸೂರಕ್ಕಿ, ಕೆಮ್ಮೀಸೆ ಪಿಕಳಾರ. ಕೈಗಳು ಎದ್ದವು, ಇಳಿದವು.

"ಹಳದಿ ಕೊರಳಿನ ಪಿಕಳಾರ, ಒಂದು."

ನನ್ನ ಕೈ ಅಂಗಡಿಯ ತಗಡಿಗೆ ತಾಗುವಂತೆ ಎದ್ದಿತು. ಅವಳು ಕಂಡಿರಲಿಲ್ಲ, ಕೈ ಎತ್ತುವ ಹಾಗಿಲ್ಲ. ಇಬ್ಬರೂ ವೆಂಕಟರಂಗಯ್ಯನ ಕಡೆ ನೋಡಿದೆವು. ಅವನು ಎರಡೂ ಕೈಯಿಂದ ಟೀ ಲೋಟ ತಬ್ಬಿ ಹಿಡಿದಿದ್ದ.

"ರಂಗಯ್ಯ, ಕೈಯೆತ್ತೋ."

"ಎತ್ತಲ್ಲ."

"ನನ್ನ ಪಕ್ಕದಾಗೇ ಇದ್ಯಲ್ಲೋ!"

"ಇದ್ದೆ. ಅದ್ಕೇ ಎತ್ತಲ್ಲ."

"ಬಂಡೆ ಅಡ್ಡ ಇತ್ತೇನೋ ನಿಮ್ಗೆ" ಎಂದಳು ನೇತ್ರಾವತಿ, ಅವನನ್ನು ಮುಜುಗರದಿಂದ ಬಿಡಿಸುವವಳ ಹಾಗೆ.

"ಇಲ್ಲ ಕಣವ್ವ. ಅವತ್ತು ಎತ್ತಿದ್ದೇ ಸಾಕಾಗೈತೆ. ಆ ಒಂದು ಕೈಗೆ ನೀನು ನಾಲ್ಕು ವರ್ಷ ನಡ್ದೆ. ಇನ್ನೊಂದು ವರ್ಷ ನಡ್ಸಕ್ಕೆ ನನ್ ಕೈಲಾಗಲ್ಲ."

ಅವಳ ಪೆನ್ನು ನಿಂತಿತು. "ಅಂದ್ರೆ, ಐದು ವರ್ಷದ ಹಿಂದೆ ನೀವು ನೋಡಿರ್ಲಿಲ್ವಾ?"

ವೆಂಕಟರಂಗಯ್ಯ ನನ್ನ ಮುಖ ನೋಡಿದ. "ನೀನೇ ಹೇಳ್ತೀಯೋ, ನಾನ್ ಹೇಳ್ಲೋ?"

ಅಂಥ ಹೊತ್ತಿಗೆಂದೇ ನನ್ನ ಬಾಯಲ್ಲಿ ನೂರು ಕಥೆಗಳು ಸಾಲುಗಟ್ಟಿ ನಿಂತಿರುತ್ತವೆ. ಅವತ್ತು ಒಂದೂ ಎದ್ದು ಬರಲಿಲ್ಲ.

"ಹಕ್ಕಿ ಇರ್ಲಿಲ್ಲಮ್ಮ" ಎಂದೆ.

"ಬಿಳಿಹುಬ್ಬಿನ ಪಿಕಳಾರ ಇರ್ಬೋದು ಸರ್. ಎಳೆಬಿಸಿಲಲ್ಲಿ ಅದ್ರ ಕೊರಳೂ ಹಳದಿ ಕಾಣುತ್ತೆ. ಎಷ್ಟೋ ಜನ ಮೋಸ ಹೋಗಿದಾರೆ." ಆ ಸ್ಥಿತಿಯಲ್ಲೂ ಅವಳು ನನಗೊಂದು ಮರ್ಯಾದೆಯ ದಾರಿ ಬಿಟ್ಟುಕೊಟ್ಟಳು. ಅದನ್ನು ಹಿಡಿದಿದ್ದರೆ ಮುಗಿದುಹೋಗುತ್ತಿತ್ತು.

"ಯಾವ್ ಹಕ್ಕೀನೂ ಇರ್ಲಿಲ್ಲ. ನಾನು ಕಣ್ಣೇ ಬಿಟ್ಟಿರ್ಲಿಲ್ಲ. ಶನಿವಾರ ನೈಟ್ ಶಿಫ್ಟ್ ಮುಗಿಸ್ಕೊಂಡು ಫ್ಯಾಕ್ಟರಿ ಲೇತ್ ಮಿಷನ್ ಮುಂದಿನಿಂದ ಸೀದಾ ನಡಿಗೆಗೆ ಬಂದಿದ್ದೆ. ಗುಡ್ಡದ ಮೇಲೆ ಹೋಗಿ ನೋಡ್ತೀನಿ ಅಂತ ಎಲ್ಲರಿಗಿಂತ ಮುಂದೆ ಹತ್ತಿ, ಬಂಡೆ ನೆರಳಲ್ಲಿ ಬಿದ್ಕೊಂಡು ನಿದ್ದೆ ಹೋದೆ. ರಂಗಯ್ಯ ಬಂದು ಎಬ್ಬಿಸ್ದ. ಕೆಳಗೆ ಹನ್ನೆರಡು ಜನ ಕಾಯ್ತಿದ್ರು. ಅಷ್ಟೊತ್ತು ಏನ್ ನೋಡ್ದೆ ಅಂದ್ರು. ನಿದ್ದೆ ಮಾಡ್ದೆ ಅನ್ನಕ್ಕೆ ನಾಚ್ಕೆ ಆಯ್ತು. ಬಾಯಿಗೆ ಬಂದ ಹೆಸರು ಹೇಳ್ದೆ. ನನ್ ಮಾನ ಉಳ್ಸಕ್ಕೆ ಇವ್ನು ಕೈಯೆತ್ತಿದ."

"ಇವತ್ತು?"

"ಇವತ್ತೂ ಸುಳ್ಳು."

ಅವಳು ತರಚಿದ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು, ಟೀ ಚೆಲ್ಲಿದ್ದ ಮೇಜನ್ನು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟಳು.

"ನಲವತ್ತು ಪುಟ ಹೋಯ್ತು ಸರ್. ಯಾಕೆ ತೆಗೆದೆ ಅಂತ ಗೈಡಿಗೆ ತೋರಿಸ್ಬೇಕು. ಬರೆದುಕೊಡಿ."

ಬರೆದೆ. "ಐದು ವರ್ಷದ ಹಿಂದೆ ಬೋಳುಗಲ್ಲಿನ ಮೇಲೆ ನಾನು ಯಾವ ಹಕ್ಕಿಯನ್ನೂ ನೋಡಿಲ್ಲ. ನಿದ್ದೆ ಮಾಡುತ್ತಿದ್ದೆ. ನೇತ್ರಾವತಿಯವರು ತಡವಾಗಿ ಬಂದದ್ದಲ್ಲ, ಯಾವ ವರ್ಷ ಬಂದಿದ್ದರೂ ಅಲ್ಲಿ ಆ ಹಕ್ಕಿ ಸಿಗುತ್ತಿರಲಿಲ್ಲ." ಕೆಳಗೆ ನನ್ನ ಹೆಸರು ಬರೆದು ರುಜು ಹಾಕಿದೆ.